ಎಂಟನೆಯ ಹೆಸರು

ಬದುಕಿರುವವನ ಮೇಲೆ ಹೊಟ್ಟೆಕಿಚ್ಚಾದರೆ ಎದುರಿಗೆ ನಿಂತು ಜಗಳವಾದರೂ ಆಡಬಹುದು. ನಮ್ಮ ಕಲ್ಲಿನ ಮೇಸ್ತ್ರಿಯ ಹೊಟ್ಟೆ ಉರಿಯುತ್ತಿದ್ದದ್ದು ಸತ್ತವನ ಮೇಲೆ, ಅದೂ ಮೂವತ್ತು ವರ್ಷಗಳಿಂದ. ಆ ಹುಡುಗ ಯುದ್ಧದಲ್ಲಿ ಬಾಂಬು ಹಾಕುವ ವಿಮಾನದ ಬಾಲದಲ್ಲಿ ಬಂದೂಕು ಹಿಡಿದು ಕೂರುತ್ತಿದ್ದ. ಒಂದು ದಿನ ವಿಮಾನ ಮರಳಿ ಬರಲಿಲ್ಲ. ವಯಸ್ಸು ಇಪ್ಪತ್ತೊಂದು. ಅವನಿಗೆಂದು ಗೊತ್ತು ಮಾಡಿದ್ದ ಹುಡುಗಿ ಮೂರು ವರ್ಷ ಅತ್ತು, ಆಮೇಲೆ ಮೇಸ್ತ್ರಿಯ ಕೈಹಿಡಿದಳು.

ಒಳ್ಳೆಯ ಹೆಂಡತಿ. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ ಬಂದು, ಗಂಡನ ಅಂಗಿಯ ಕಲ್ಲುಪುಡಿ ಕೊಡವುತ್ತಿದ್ದಳು. ಸತ್ತವನ ಸುದ್ದಿಯನ್ನು ಒಮ್ಮೆಯೂ ಎತ್ತಿದವಳಲ್ಲ. ಮೇಸ್ತ್ರಿಗೆ ಅದೇ ನುಂಗಲಾರದ ತುತ್ತು. ತನ್ನ ತಲೆ ಬೋಳಾಯಿತು, ಮಂಡಿ ಹಿಡಿದುಕೊಂಡಿತು, ಗೊರಕೆ ಶುರುವಾಯಿತು. ಆ ಮಹಾಶಯನಿಗೆ ಮಾತ್ರ ಇನ್ನೂ ಇಪ್ಪತ್ತೊಂದು!

ಮದುವೆಯಾದ ವರ್ಷವೇ ಚೌಕದಲ್ಲಿ ಯುದ್ಧದಲ್ಲಿ ಸತ್ತವರ ಹೆಸರಿನ ಕಲ್ಲು ನಿಲ್ಲಿಸುವ ಕೆಲಸ ಇವನಿಗೇ ಬಂದಿತ್ತು. ಒಟ್ಟು ಹನ್ನೊಂದು ಹೆಸರು. ಏಳನ್ನು ಕಾಲಿಂಚು ಆಳಕ್ಕೆ ಕೊರೆದ. ಎಂಟನೆಯದು ಆ ಹುಡುಗನದು. ಅಲ್ಲಿ ಸುತ್ತಿಗೆಯ ಪೆಟ್ಟು ಬೇಕೆಂದೇ ಹಗುರವಾಯಿತು. ಕಪ್ಪು ಬಣ್ಣ ತುಂಬಿದರೆ ಆಳ ಯಾರಿಗೂ ಕಾಣುವುದಿಲ್ಲ. ಒಂದು ಮಳೆಗಾಲಕ್ಕೆ ಬಣ್ಣ ಹೋಗುತ್ತದೆ, ಹತ್ತಕ್ಕೆ ಹೆಸರೂ ಹೋಗುತ್ತದೆ. ಕಸುಬಿಗೆ ಮಾಡುವ ದ್ರೋಹವೆಂದು ಚೆನ್ನಾಗಿ ಗೊತ್ತಿತ್ತು. ಆದರೂ ಮಾಡಿದ. ಅಂದಿನಿಂದ ಚೌಕದ ಕಡೆ ತಲೆ ಹಾಕಲಿಲ್ಲ.

ಮೊನ್ನೆ ಕಲ್ಲಿನ ಬುಡ ಬಿರುಕು ಬಿಟ್ಟಿತೆಂದು ಪುರಸಭೆಯವರು ಕರೆಸಿದರು. ಭಾನುವಾರ ಬೆಳಿಗ್ಗೆ ಹೋಗಿ ನೋಡಿದರೆ, ಹತ್ತು ಹೆಸರುಗಳ ಬಣ್ಣ ಮಾಸಿಹೋಗಿತ್ತು. ಎಂಟನೆಯದು ಮಾತ್ರ ಕಪ್ಪಗೆ ಮಿರಮಿರ ಹೊಳೆಯುತ್ತಿತ್ತು. ಬೆರಳಾಡಿಸಿದ. ಕೊರೆದ ಗುರುತೇ ಇಲ್ಲ. ಇದ್ದದ್ದೆಲ್ಲ ಪದರದ ಮೇಲೆ ಪದರ ಬಣ್ಣ.

"ನಿಮ್ಮನೆಯವರದ್ದೇ ಕೈಕೆಲಸ, ಮೇಸ್ತ್ರಿ," ಎಂದ ಎದುರಿನ ಚಪ್ಪಲಿ ಅಂಗಡಿಯವನು. "ತಿಂಗಳಿಗೊಂದು ಭಾನುವಾರ ಬಂದು ಕೂತ್ಕೊಂಡು ತಿದ್ತಾರೆ. ಈ ಹೆಸರು ಮಾತ್ರ ಯಾಕೋ ನಿಲ್ಲೋದೇ ಇಲ್ಲ ಅಂತಾರೆ."

ತಿಂಗಳಿಗೊಂದು ಭಾನುವಾರ! ಅಕ್ಕನ ಮನೆಗೆಂದು ಹೋಗುತ್ತಿದ್ದಳಲ್ಲ! ಮೇಸ್ತ್ರಿಗೆ ಮೈಯೆಲ್ಲ ಉರಿದುಹೋಯಿತು. ಬಿರುಕು ಮರೆತ. ಉಳಿ ಹಿಡಿದು ಆ ಹೆಸರನ್ನೇ ಕೊರೆಯತೊಡಗಿದ, ಅರ್ಧ ಇಂಚು ಆಳಕ್ಕೆ. ಸತ್ತವನ ಮೇಲಿನ ಗೌರವದಿಂದಲ್ಲ, ಅವಳು ಇನ್ನೊಂದು ಸಲ ಇಲ್ಲಿಗೆ ಕಾಲಿಡಬಾರದೆಂದು.

ಕೊನೆಯ ಅಕ್ಷರ ಮುಗಿಯುವಷ್ಟರಲ್ಲಿ ಹಿಂದೆ ಹೆಂಡತಿ ನಿಂತಿದ್ದಳು, ಕೈಯಲ್ಲಿ ಬಣ್ಣದ ಡಬ್ಬಿ, ಕುಂಚ. ಕೊರೆದಲ್ಲಿ ಬೆರಳಿಟ್ಟಳು. ಉಗುರು ಪೂರ್ತಿ ಮುಳುಗಿತು. ಪಕ್ಕದ ಹೆಸರಿನಲ್ಲೂ ಇಟ್ಟು ನೋಡಿದಳು; ಹಳೆಯ ಕೊರೆತವಾದರೂ ಅಲ್ಲೂ ಬೆರಳು ಇಳಿಯಿತು. ಅಷ್ಟರಲ್ಲೇ ಅವಳಿಗೆ ಎಲ್ಲ ಅರ್ಥವಾಯಿತು.

"ಅವತ್ತೇ ಹೀಗೆ ಕೊರೆದಿದ್ರೆ, ಎರಡು ವರ್ಷಕ್ಕೆಲ್ಲ ಬರೋದು ನಿಲ್ಲಿಸಿಬಿಡ್ತಿದ್ದೆ ಕಣ್ರೀ," ಎಂದಳು. "ಅಳಿಸಿಹೋಗ್ತಿತ್ತಲ್ಲ, ಅದಕ್ಕೇ ಬರ್ತಿದ್ದೆ."

ಡಬ್ಬಿ, ಕುಂಚ ಎರಡನ್ನೂ ಅವನ ಕೈಗಿಟ್ಟು ಮನೆಯ ಕಡೆ ನಡೆದಳು. ಮೇಸ್ತ್ರಿ ಮಂಡಿಯೂರಿ ಕೂತು, ಆ ಹೆಸರಿಗೆ ಬಣ್ಣ ತುಂಬತೊಡಗಿದ.