ಕೋರಮಂಡಲ್‌ನಲ್ಲಿ ಅವ್ವ ಅಂದರೆ

ಅಥವಾ ಅವಳು ಉಟ್ಟಿದ್ದು ಹಸಿರು ಸೀರೆಯೇ ಇರಬೇಕು. ಕೆಂಪು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಹೇಳಿ ಹೇಳಿಯೇ ಅದು ಕೆಂಪಾಗಿರಬಹುದು. ಸತ್ತಿದ್ದಾಳೆಂದು ಮೂರು ವಾರ ನಾನು ನಂಬಿದ್ದ ಹೆಂಗಸು ತರಗತಿಯ ಬಾಗಿಲಲ್ಲಿ ನಿಂತಿದ್ದಳು ಎಂಬುದು ಮಾತ್ರ ಖಂಡಿತ.

ರಾಜ್ಯ ಒಂದಾದ ಹೊಸದರಲ್ಲಿ ಧಾರವಾಡದಿಂದ ಕೋಲಾರದ ಚಿನ್ನದ ಗಣಿಯ ಕೋರಮಂಡಲ್‌ನ ಕನ್ನಡ ಶಾಲೆಗೆ ಬಂದವಳು ನಾನು. ಬಂಗಾರಪೇಟೆಯಲ್ಲಿ ಬಾಡಿಗೆ ಕೋಣೆ, ಬೆಳಿಗ್ಗೆ ರೈಲು. ಇಲ್ಲಿ ಸೊಪ್ಪಿನವಳು ಒಂದು ಕಟ್ಟು ಮಾರುವಷ್ಟರಲ್ಲಿ ಕನ್ನಡ, ತೆಲುಗು, ತಮಿಳು ಮೂರನ್ನೂ ಆಡಿ ಮುಗಿಸುತ್ತಿದ್ದಳು. ನನ್ನ ಕನ್ನಡ ಕೇಳಿ ಮಾತ್ರ, "ನೀವು ಯಾವ ಭಾಷೆಯೋರಮ್ಮ?" ಎಂದಳು.

ಮೊದಲ ವಾರ ಮಕ್ಕಳ ಮನೆಯ ಬಗ್ಗೆ ವಿಚಾರಿಸಿದೆ. ನಾಗರತ್ನ ತೆಲುಗು ಮನೆಯ ಹುಡುಗಿ, ತಂದೆ ಗಣಿ ಕೆಲಸಗಾರ.

"ನಿಮ್ಮವ್ವ ಏನ ಮಾಡ್ತಾಳ?"

"ಅವ್ವ ಸತ್ತೋದ್ಲು ಟೀಚರ್."

"ಮತ್ತ ಅಡಿಗಿ ಯಾರ ಮಾಡ್ತಾರ?"

"ಅಮ್ಮ."

ನಮ್ಮ ಮನೆಯಲ್ಲಿ ಅವ್ವ ಅಂದರೆ ತಾಯಿ, ಅಮ್ಮ ಅಂದರೆ ಅಜ್ಜಿ. ನನಗೆ ಎಲ್ಲ ಅರ್ಥವಾಗಿಹೋಯಿತು. ಅಂದಿನಿಂದ ಮಧ್ಯಾಹ್ನ ನನ್ನ ಜೋಳದ ರೊಟ್ಟಿಯಲ್ಲಿ ಅವಳಿಗೆ ಅರ್ಧ. ಜೊತೆಗೆ ಕೂತು ಉಣ್ಣಲು ನನಗೂ ಯಾರೋ ಬೇಕಿತ್ತು. ಒಂದು ದಿನ ಅವಳನ್ನು ಕೆಣಕಿದವರನ್ನು, "ತಾಯಿಲ್ಲದ ಕೂಸು, ಸುಮ್ಮನಿರ್ರಿ" ಎಂದು ಗದರಿದೆ. ಆ ಮಾತು ಸಂಜೆಯೊಳಗೆ ಅವರ ಬೀದಿಯ ನಲ್ಲಿಯನ್ನು ಮುಟ್ಟಿತ್ತು.

"ನನ್ನ ಸಾಯಿಸಿದ್ದು ನೀವೇನಮ್ಮ?" ಎಂದಳು ಮರುದಿನ ಬಾಗಿಲಲ್ಲಿ ನಿಂತ ಅವಳ ತಾಯಿ. "ನಲ್ಲಿತಾವ ಎಲ್ರೂ ನಗ್ತಾವ್ರೆ. ದಿನಾ ಗಣೀಗೆ ಇಳಿಯೋರ ಮನೆ ನಮ್ದು, ಇಂಥ ಮಾತಾಡ್ತಾರಾ? ನಡಿಯೇ ನಾಗಿ, ನಮ್ಮೂರು ಕಾಮಸಮುದ್ರಕ್ಕೋಗಿ ದನ ಕಾಯ್ಕೊಂಡಿರು. ಈ ಇಸ್ಕೂಲೇ ಬ್ಯಾಡ."

ಹುಡುಗಿಯ ಒಂದು ಕೈ ತಾಯಿಯ ಹಿಡಿತದಲ್ಲಿ, ಇನ್ನೊಂದು ಕೈ ಬೆಂಚಿನ ಮೇಲೆ. ನಾನು ಚೀಲದಿಂದ ಮನೆಯ ಕಾಗದ ತೆಗೆದೆ. "ನೋಡ್ರಿ, ನಮ್ಮವ್ವ ಬರದದ್ದು. ಅವ್ವನ್ನ ಬಿಟ್ಟು ಬಂದಾಕಿ ನಾನು. ಹಂಗ ಯಾಕ ಅಂತೀನಿ?"

"ನಿಮ್ಮವ್ವಂಗೆ ಈ ವಯಸ್ನಲ್ಲೂ ಕಣ್ಣು ಕಾಣ್ತದಾ?"

"ಇನ್ನೂ ಐವತ್ತಾಗಿಲ್ರಿ!"

"ಅವ್ವಂಗಾ?"

ನಾಗರತ್ನ ಮೆಲ್ಲಗೆ ಹೇಳಿದಳು: "ಅಮ್ಮಾ, ಟೀಚರ್‌ಗೆ ಅಮ್ಮಾನೇ ಅವ್ವ."

ತಾಯಿಗೆ ನಗು ತಡೆಯಲಾಗಲಿಲ್ಲ. "ಅಯ್ಯೋ ದೇವುಡಾ! ನಮ್ಗೆ ಅವ್ವ ಅಂದ್ರೆ ಅಜ್ಜಿ. ಸತ್ತಿದ್ದು ನಮ್ಮತ್ತೆ ಕಣಮ್ಮ, ನಾನಲ್ಲ. ಈ ಮಕ್ಕಳಿಗೂ ಯೋಳಿ." ಕೈ ಮಾತ್ರ ಇನ್ನೂ ಬಿಟ್ಟಿರಲಿಲ್ಲ.

ಬೋರ್ಡಿನ ಮೇಲಿದ್ದ ಮಗ್ಗಿ ಒರೆಸಿದೆ. ಅವರವರ ಮನೆಯಲ್ಲಿ ತಾಯಿಗೆ, ಅಜ್ಜಿಗೆ ಏನನ್ನುತ್ತಾರೆ ಎಂದು ಒಬ್ಬೊಬ್ಬರನ್ನೂ ಕೇಳಿ ಬರೆದೆ. ತಮಿಳು ಮನೆಯ ಸೆಲ್ವಿ ಅಜ್ಜಿಗೆ 'ಆಯಾ' ಎಂದಳು, ಉರ್ದು ಮನೆಯ ಬಾಷಾ 'ನಾನಿ' ಎಂದ. ಕೊನೆಗೆ ನನ್ನದನ್ನು ಬರೆದಾಗ ಯಾರೋ, "ಟೀಚರ್‌ದೇ ತಪ್ಪು!" ಎಂದು ಕೂಗಿದರು.

"ತಪ್ಪಲ್ಲ ಕಣ್ಲಾ, ಅವ್ರ ಮನೇಲಿ ಅಂಗೆ," ಎಂದಳು ಬಾಗಿಲಲ್ಲಿದ್ದ ತಾಯಿ. ಆಗ ಮಗಳ ಕೈ ಬಿಟ್ಟಳು.

ನಾನು ಬರುವ ಮೊದಲೇ ಆ ಮಕ್ಕಳು ಒಬ್ಬರ ಮಾತನ್ನು ಒಬ್ಬರು ಅರಿತಿದ್ದರು. ಕಲಿಯಬೇಕಾಗಿದ್ದವಳು ನಾನು. 'ಯಾವುದು ಸರಿ?' ಎಂದು ಕೇಳುವುದನ್ನು ಬಿಟ್ಟು, 'ನಿಮ್ಮ ಮನೆಯಲ್ಲಿ ಏನಂತಾರೆ?' ಎಂದು ಕೇಳತೊಡಗಿದೆ. ಬೇಸಿಗೆ ರಜೆಗೆ ಧಾರವಾಡಕ್ಕೆ ಹೋದಾಗ ಹೊಸ್ತಿಲಲ್ಲಿ ನಿಂತು, "ಅಮ್ಮಾ" ಎಂದು ಕೂಗಿದೆ. ಒಳಗಿನಿಂದ ಗೋಡೆ ಹಿಡಿದುಕೊಂಡು ಅಜ್ಜಿ ಎದ್ದು ಬಂದಳು. ಅವ್ವ ಅಡಿಗೆಮನೆಯಲ್ಲೇ ಇದ್ದಳು, ಕರೆದದ್ದು ತನ್ನನ್ನಲ್ಲವೆಂದು.

ನಾಗರತ್ನಳಿಗೆ ನನ್ನ 'ಅವ್ವ' ಯಾರೆಂದು ಯಾವತ್ತು ತಿಳಿಯಿತು? ಅಂದೇ ಹೊಳೆಯಿತೋ, ಮೊದಲೇ ತಿಳಿದಿದ್ದೂ ರೊಟ್ಟಿಗಾಗಿ ಸುಮ್ಮನಿದ್ದಳೋ, ಒಬ್ಬಳೇ ಉಣ್ಣಬೇಕಾಗುವ ನನಗಾಗಿ ಸುಮ್ಮನಿದ್ದಳೋ? ನಾನು ಕೇಳಲಿಲ್ಲ. ನನಗೆ ಗೊತ್ತಿಲ್ಲ.