ಕುರಿ ಕೊಟ್ಟು ಫಾರ್ವರ್ಡ್ ಉಳಿಸಿಕೊಂಡ ಶಿವಲಿಂಗಣ್ಣ

ಶಿವಲಿಂಗಣ್ಣ ಹೊಸ ಆಟಗಾರನ ಕೈ ಕುಲುಕುತ್ತಿರಲಿಲ್ಲ, ಕಾಲು ಎತ್ತಿ ನೋಡುತ್ತಿದ್ದರು. ಬಂದವನು ಗೋಡೆ ಹಿಡಿದು ನಿಲ್ಲಬೇಕು. ಇವರು ಬಗ್ಗಿ ಅವನ ಪಾದವನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಲಾಳ ಕಟ್ಟುವವರ ಹಾಗೆ ಹಿಮ್ಮಡಿ ಒತ್ತಿ, ಬೆರಳು ಬಿಡಿಸಿ, ಮಂಡಿಗೆ ಎರಡು ತಟ್ಟಿ, "ನಡೀಲಾ ಒಸಿ" ಎನ್ನುತ್ತಿದ್ದರು. ಮೂವತ್ತು ವರ್ಷ ದನದ ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದವರು. ರಿಟೈರಾದ ಮೇಲೆ ಅಕ್ಕೂರು ಕಡೆಯ ನಮ್ಮೂರ ಫುಟ್‌ಬಾಲ್ ತಂಡಕ್ಕೆ ಕೋಚು, ಮ್ಯಾನೇಜರು, ಡಾಕ್ಟರು ಎಲ್ಲ ಅವರೇ. ಅವರು ಚೆಂಡು ಒದ್ದದ್ದನ್ನು ಮಾತ್ರ ನಾನು ಒಮ್ಮೆಯೂ ನೋಡಲಿಲ್ಲ.

"ಮುಖ ನೋಡಿ ಟೀಮು ಕಟ್ಟೋನು ಮದ್ವೆ ಬ್ರೋಕರು ಕಣ್ಲಾ. ನಾನು ಕಾಲು ನೋಡ್ತೀನಿ" ಎನ್ನುವುದು ಅವರ ಮಾತು. ಗೋಲ್‌ಕೀಪರ್ ಆದ ನನ್ನದು ಕೈಯ ಕೆಲಸ. ಆದರೂ ಪ್ರತಿ ತಿಂಗಳು ನನ್ನ ಕಾಲನ್ನೂ ಎತ್ತಿ ನೋಡುತ್ತಿದ್ದರು.

ಹೀಗೆ ಕಟ್ಟಿದ ತಂಡ ಒಂದು ವರ್ಷ ತಾಲ್ಲೂಕಿನ ಲೀಗ್ ಗೆದ್ದುಬಿಟ್ಟಿತು. ಗೆದ್ದ ಕಪ್ ಊರಿಗೆ ಬಂದ ಮಾರನೆಯ ದಿನವೇ ತಾಪತ್ರಯ ಶುರುವಾಯಿತು. ಎಲ್ಲರಿಗೂ ಹೆಚ್ಚು ಸಂಬಳ ಬೇಕು. ಲೀಗ್ ಕಮಿಟಿಯದೋ ಒಂದು ನಿಯಮ: ಜಮೀನು ಮಾರಿದ ದುಡ್ಡಿನಲ್ಲಿ ಯಾರೂ ಬೆಂಗಳೂರಿನಿಂದ ಆಟಗಾರರನ್ನು ಕೊಂಡು ತರಬಾರದೆಂದು, ಒಂದು ತಂಡ ಆಟಗಾರರಿಗೆಲ್ಲ ಸೇರಿಸಿ ಸೀಸನ್ನಿಗೆ ಅರವತ್ತು ಸಾವಿರಕ್ಕಿಂತ ಹೆಚ್ಚು ಕೊಡುವಂತಿಲ್ಲ.

ಡೈರಿ ಜಗಲಿಯ ಮೇಲೆ ಸಭೆ ಸೇರಿತು. ನಮ್ಮ ಫಾರ್ವರ್ಡ್ ರಂಗ ಮೊದಲೇ ಎದ್ದ. ಗೋಲುಗಳಲ್ಲಿ ಅರ್ಧ ಅವನವೇ.

"ಶಿವಲಿಂಗಣ್ಣ, ಕನಕಪುರದ ಕಡೆಯೋರು ಹದಿನೆಂಟು ಸಾವ್ರ ಕೊಡ್ತೀವಿ ಅಂದವ್ರೆ. ನೀವು ಕೊಡೋದು ಹತ್ತು."

"ಅರವತ್ತರೊಳಗೆ ಇನ್ನೆಂಟು ಸಾವ್ರದ ಜಾಗ ಐತೆ ಕಣ್ಲಾ, ದುಡ್ಡಿಲ್ಲ" ಎಂದು ಶಿವಲಿಂಗಣ್ಣ ಗಡ್ಡ ಕೆರೆದುಕೊಂಡರು. ಆಮೇಲೆ, "ಕುರಿ ಆದೀತಾ?" ಅಂದರು.

ರಂಗನ ಮನೆಯಲ್ಲಿ ಕುರಿ ಸಾಕುತ್ತಿದ್ದರು. ಅವನು ಒಪ್ಪಿದ. ತಮ್ಮ ಹಿತ್ತಲಿನ ಕರೀ ಕುರಿಯನ್ನು ಶಿವಲಿಂಗಣ್ಣನೇ ಹಗ್ಗ ಹಿಡಿದು ಒಪ್ಪಿಸಿ ಬಂದರು. ಕಮಿಟಿಯ ಅಧ್ಯಕ್ಷರು ಚನ್ನಪಟ್ಟಣದ ಅಂಗಡಿಯವರು. ಅದಕ್ಕೆ ಎಂಟು ಸಾವಿರ ಬೆಲೆ ಕಟ್ಟಿ ರಿಜಿಸ್ಟರಿನಲ್ಲಿ ಬರೆದುಕೊಂಡರು. ತಂಡದ ಒಟ್ಟು ಲೆಕ್ಕ ಸರಿಯಾಗಿ ಅರವತ್ತು ಸಾವಿರ.

ಸೀಸನ್ ಶುರುವಾದ ಮೂರನೇ ವಾರ ಕುರಿ ಎರಡು ಮರಿ ಹಾಕಿತು.

ನಮ್ಮ ಎದುರು ಸೋತಿದ್ದ ತಂಡವೊಂದು, ಮರಿಗಳೂ ಸೇರಿದರೆ ಅರವತ್ತು ಸಾವಿರ ದಾಟುತ್ತದೆಂದು ಅರ್ಜಿ ಕೊಟ್ಟಿತು. ಇಡೀ ಕಮಿಟಿ ರಂಗನ ಕೊಟ್ಟಿಗೆಗೆ ಬಂದು ಮರಿಗಳ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಿತು.

"ಕುರಿ ಸಂಬಳ ಅಂದ ಮೇಲೆ ಮರೀನೂ ಸಂಬಳನೇ" ಎಂದರು ಅಧ್ಯಕ್ಷರು.

"ಬ್ಯಾಂಕಲ್ಲಿಟ್ಟ ಸಂಬಳಕ್ಕೆ ಬಡ್ಡಿ ಬಂದ್ರೆ ಅದೂ ಸಂಬಳನಾ ಸ್ವಾಮಿ?" ಎಂದರು ಶಿವಲಿಂಗಣ್ಣ.

ಕಮಿಟಿಯವರು ಪಿಸಪಿಸ ಮಾತಾಡಿಕೊಂಡರು. ನಿಯಮದ ಪುಸ್ತಕದಲ್ಲಿ ಕುರಿಯೂ ಇಲ್ಲ, ಬಡ್ಡಿಯೂ ಇಲ್ಲ. ಕೊನೆಗೆ ಅಧ್ಯಕ್ಷರು, "ನೀವು ಕಂಪೌಂಡರು, ನೀವೇ ಹೇಳಿ. ಕೊಡೋವಾಗ ಅದು ಗಬ್ಬ ಆಗಿದ್ದು ನಿಮಗೆ ಗೊತ್ತಿತ್ತಾ?" ಎಂದು ಕೇಳಿದರು.

ಗೊತ್ತಿರಲಿಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾವೆಲ್ಲ ಹಾಗೇ ಹೇಳಲಿ ಎಂದು ಅವರ ಮುಖವನ್ನೇ ನೋಡುತ್ತಿದ್ದೆವು.

"ಗೊತ್ತಿತ್ತು ಸ್ವಾಮಿ. ಕೈ ಇಟ್ಟು ನೋಡಿದ್ದೆ" ಎಂದರು. "ಒಂದು ಅಂದ್ಕೊಂಡಿದ್ದೆ. ಎರಡಾಗೋಯ್ತು."

ಮರಿಗಳಿಗೆ ಐದು ಸಾವಿರ ಕಟ್ಟಿದರು. ಅಷ್ಟನ್ನು ಇಳಿಸದಿದ್ದರೆ ತಂಡ ಲೀಗಿನಿಂದ ಹೊರಗೆ. ರಂಗ ಮರಿಗಳನ್ನು ವಾಪಸ್ ಕೊಡುತ್ತೇನೆಂದ. ಶಿವಲಿಂಗಣ್ಣ ರೇಗಿಬಿಟ್ಟರು. "ಹಾಲು ಕುಡಿಯೋ ಮರೀನ ತಾಯಿಯಿಂದ ಬಿಡಿಸ್ತೀಯೇನ್ಲಾ? ಮೂವತ್ತು ವರ್ಷ ನಾನು ಮಾಡಿದ್ದೇನು?"

ತಂಡದಲ್ಲಿ ಸರಿಯಾಗಿ ಐದು ಸಾವಿರ ಸಂಬಳ ಇದ್ದದ್ದು ನನಗೊಬ್ಬನಿಗೇ.

ಮಾರನೆಯ ದಿನ ಶಿವಲಿಂಗಣ್ಣ ಮೊಪೆಡ್‌ನಲ್ಲಿ ನಮ್ಮ ಮನೆಗೆ ಬಂದರು. ಬಂದವರೇ ನನ್ನ ಕಾಲು ಎತ್ತಿಕೊಂಡರು. ಮಂಡಿ ಒತ್ತಿದರು, ಹಿಮ್ಮಡಿ ಒತ್ತಿದರು, ಮತ್ತೆ ಮಂಡಿಗೆ ಬಂದರು. ಏನಾದರೂ ಒಂದು ಐಬು ಸಿಗಲಿ ಎಂದು ಹುಡುಕುತ್ತಿದ್ದಾರೆಂದು ನನಗೆ ಗೊತ್ತಾಯಿತು. ಕೊನೆಗೆ ಕಾಲು ಕೆಳಗಿಟ್ಟು, "ನಿನ್ ಮಂಡಿ ಗಟ್ಟಿಯಾಗೈತೆ ಮಾದೇಶ. ಮರಿ ಜಾಸ್ತಿ ಆಗೋದ್ವು, ಅಷ್ಟೇಯ" ಎಂದರು.

ಅಳುವೂ ನಗುವೂ ಒಟ್ಟಿಗೆ ಬಂತು. "ಪುಕ್ಕಟೆ ಆಡ್ತೀನಿ ಬುಡಿ ಅಣ್ಣ" ಎಂದೆ.

"ಬ್ಯಾಡ. ಪುಕ್ಕಟೆ ಆಡೋನ್ನ ಬಯ್ಯೋಕಾಯ್ತದಾ? ಬಯ್ಯದೆ ನನ್ ಕೈಲಿ ಆಗಲ್ಲ."

ಅವತ್ತೇ ಮೊಪೆಡ್ ಮೇಲೆ ಕೂರಿಸಿಕೊಂಡು ದೊಡ್ಡಮಳೂರಿಗೆ ಕರೆದೊಯ್ದರು. ಅಲ್ಲಿಯ ತಂಡಕ್ಕೆ ಕೀಪರ್ ಇರಲಿಲ್ಲ. ನನ್ನ ಪರವಾಗಿ ಚೌಕಾಸಿಗೆ ನಿಂತು, "ಆರು ಸಾವ್ರಕ್ಕೆ ಕಮ್ಮಿ ಆದ್ರೆ ವಾಪಸ್ ಕರ್ಕೊಂಡೋಯ್ತೀನಿ" ಎಂದು ಹೆದರಿಸಿದರು. ವಾಪಸ್ ಎಲ್ಲಿಗೆ ಎಂದು ದೊಡ್ಡಮಳೂರಿನವರು ಕೇಳಲಿಲ್ಲ. ಆರು ಸಾವಿರಕ್ಕೆ ಒಪ್ಪಿದರು.

ಆ ಸೀಸನ್ನಿನ ಸೆಮಿಫೈನಲ್ ನಮ್ಮೂರಿಗೂ ದೊಡ್ಡಮಳೂರಿಗೂ ಬಿತ್ತು. ನಾವು ದೊಡ್ಡಮಳೂರಿನವರು ಒಂದು ಗೋಲು ಮುಂದಿದ್ದೆವು. ಇನ್ನೇನು ಮುಗಿಯಬೇಕು ಅನ್ನುವಾಗ ನಮ್ಮೂರ ತಂಡಕ್ಕೆ ಪೆನಾಲ್ಟಿ ಸಿಕ್ಕಿತು. ಒದೆಯಲು ಬಂದವನು ರಂಗ. ನಾನು ಎಡಕ್ಕೆ ಹಾರಿದೆ. ಚೆಂಡು ಎದೆಗೆ ಬಂದು ಅಪ್ಪಿಕೊಂಡಿತು.

ಆಟ ಮುಗಿದ ಮೇಲೆ ಶಿವಲಿಂಗಣ್ಣನ ಹತ್ತಿರ ಹೋದೆ. ಟೆಂಪೊದ ಪಕ್ಕ ನಿಂತು ತಮ್ಮ ಹುಡುಗರನ್ನು ಬಯ್ಯುತ್ತಿದ್ದರು. ನನ್ನನ್ನು ನೋಡಿ, "ಹೋಗ್ಲಾ, ನಿಮ್ಮೋರ ಜೊತೆ ನಿಂತ್ಕೋ" ಎಂದು ಮುಖ ತಿರುಗಿಸಿದರು. ಕೋಪ ಬಂದಿದೆ ಎಂದುಕೊಂಡೆ. ಅದೇ ಕೊನೆಯ ಭೇಟಿ. ರಾಗಿ ಕೊಯ್ಲಿನ ಹೊತ್ತಿಗೆ ಎದೆನೋವು ಬಂದು ಹೋಗಿಬಿಟ್ಟರು.

ತಿಥಿಗೆ ಹೋದಾಗ ಅವರ ಹೆಂಡತಿ ಪುಟ್ಟಮ್ಮನವರಿಗೆ ಆ ಪೆನಾಲ್ಟಿಯ ವಿಷಯ ಹೇಳಿ, ಅಣ್ಣನಿಗೆ ನನ್ನ ಮೇಲೆ ಬೇಜಾರಿತ್ತೇನೋ ಎಂದೆ. ಆಕೆ ನನ್ನನ್ನೇ ನೋಡಿದರು.

"ಅಯ್ಯೋ, ಅವತ್ತು ನಮ್ಮೋರು ಸೋತಿದ್ರಾ? ಮನೆಗೆ ಬಂದವ್ರೇ 'ನಮ್ ಮಾದೇಶ ಹಿಡ್ದ ಕಣಮ್ಮಿ' ಅಂತ ಮೂರು ಸಲ ಅಂದ್ರು. ಗೆದ್ದವ್ರೆ ಅಂದ್ಕೊಂಡು ಪಾಯ್ಸ ಮಾಡ್ದೆ ಕಣಪ್ಪ. ಒಂದು ಮಾತೂ ಆಡ್ದೆ ಎರಡು ಸಲ ಹಾಕುಸ್ಕೊಂಡು ಉಂಡ್ರು."