ಎಡಕ್ಕೆ ಹಿಡಿದ ಬೇಸ್ ಗಿಟಾರ್

ಐವತ್ತು ದಾಟಿ ತಲೆ ಅರ್ಧ ನರೆತಿದ್ದರೂ ಬೀದಿಗೆಲ್ಲ ಆಕೆ ‘ತಂಗಿ’ಯೇ. ಹಾಲು ಹಾಕುವವನಿಗೂ ತಂಗಿ, ಎದುರುಮನೆ ಅಜ್ಜಿಗೂ ತಂಗಿ, ಶಾಲೆಗೆ ಹೋಗುವ ಮಕ್ಕಳಿಗೂ ತಂಗಿ. ಬಸ್ ಕಂಡಕ್ಟರ್ ಆಗಿದ್ದ ಅವಳ ಗಂಡ ಕೂಡ ನಾಲ್ಕು ಜನರೆದುರು ಬಾಯ್ತಪ್ಪಿ ಹಾಗೇ ಕರೆದು ನಾಲಿಗೆ ಕಚ್ಚಿಕೊಂಡದ್ದುಂಟು. ಆ ಹೆಸರನ್ನು ಬೀದಿಗೆ ಹಚ್ಚಿದವಳು ಅವಳ ಅಕ್ಕ. ಮೆಟ್ಟಿಲ ಮೇಲೆ ನಿಂತು ಮೂಲೆ ಅಂಗಡಿಗೂ ಕೇಳುವಂತೆ ‘ತಂಗೀ’ ಎಂದು ಕೂಗುತ್ತಿದ್ದಳು. ಅಕ್ಕ ಹೋದಳು, ಹೆಸರು ಉಳಿಯಿತು.

ತಂಗಿ ಮನೆಯ ಮುಂದಿನ ಕೋಣೆಯನ್ನೇ ಅಂಗಡಿ ಮಾಡಿಕೊಂಡಿದ್ದಳು. ಹಳೆಯ ಎಲೆಕ್ಟ್ರಿಕ್ ಬೇಸ್ ಗಿಟಾರ್‌ಗಳನ್ನು ಕೊಳ್ಳುವುದು, ಯಾವ ಕಾಲದ್ದು, ಅಸಲಿಯೋ ನಕಲಿಯೋ ಎಂದು ಗುರುತು ಹಿಡಿಯುವುದು, ಸರಿಮಾಡಿ ಮಾರುವುದು. ಬೇಸ್ ಎಂದರೆ ಮಾಮೂಲಿ ಗಿಟಾರ್ ಅಲ್ಲ. ನಾಲ್ಕೇ ದಪ್ಪ ತಂತಿ, ಉದ್ದನೆಯ ಕುತ್ತಿಗೆ, ಒಂದು ಗಂಟೆ ತಗುಲಿಹಾಕಿಕೊಂಡರೆ ಹೆಗಲು ಬಿದ್ದುಹೋಗುವಷ್ಟು ಭಾರ. ಹಾಡಿನಲ್ಲಿ ಅದು ಇದೆ ಎಂಬುದೇ ಬಹಳ ಜನಕ್ಕೆ ಗೊತ್ತಾಗುವುದಿಲ್ಲ. ನಿಂತುಹೋದಾಗ ಮಾತ್ರ, ತುಂಬಿದ ಮನೆಯಿಂದ ಯಾರೋ ಎದ್ದುಹೋದಂತಾಗುತ್ತದೆ.

ಅಕ್ಕ ಅದನ್ನೇ ನುಡಿಸುತ್ತಿದ್ದಳು. ಊರಿನ ಡ್ಯಾನ್ಸ್ ಹಾಲ್ ಒಂದರಲ್ಲಿ ಮೊದಲು ಟಿಕೆಟ್ ಹರಿಯುವ ಕೆಲಸಕ್ಕೆ ಸೇರಿದವಳು, ಬ್ಯಾಂಡಿನ ಬೇಸ್ ನುಡಿಸುವವನು ಮುನಿಸಿಕೊಂಡು ಹೋದಾಗ ‘ನಾನು ನೋಡ್ಲಾ?’ ಎಂದು ವೇದಿಕೆ ಹತ್ತಿಬಿಟ್ಟಳು. ಅವಳು ಎಡಚಿ. ಹಾಲಿನಲ್ಲಿದ್ದದ್ದು ಬಲಗೈಯವರ ಬೇಸ್. ತಂತಿಗಳನ್ನು ಅದಲುಬದಲು ಮಾಡುವ ಗೋಜಿಗೆ ಹೋಗದೆ ಇಡೀ ಬೇಸನ್ನೇ ತಿರುಗಿಸಿ ಹಿಡಿದಳು. ಮೇಲಿರಬೇಕಾದ ದಪ್ಪ ತಂತಿ ಕೆಳಕ್ಕೆ ಬಂತು, ಕೆಳಗಿರಬೇಕಾದ, ದನಿ ಏರಿಳಿಸುವ ಗುಂಡಿಗಳು ಮೇಲಕ್ಕೆ ಬಂದವು. ಹೆಗಲಿನ ಪಟ್ಟಿ ಸಿಕ್ಕಿಸಲು, ಕುತ್ತಿಗೆಯ ಬುಡದ ಎರಡು ಕೊಂಬುಗಳಲ್ಲಿ ಚಿಕ್ಕದರಲ್ಲಿ ಇನ್ನೊಂದು ತಿರುಪು ತಾನೇ ಕೂರಿಸಿದಳು. ನುಡಿಸುವಾಗ ನಾಲಿಗೆಯ ತುದಿಯನ್ನು ತುಟಿಯ ಮೂಲೆಯಿಂದ ಹೊರಗೆ ಚಾಚಿಕೊಂಡಿರುತ್ತಿದ್ದಳು, ಸೂಜಿಗೆ ದಾರ ಪೋಣಿಸುವವರ ಹಾಗೆ. ತಂಗಿ ಮುಂದಿನ ಸಾಲಿನಲ್ಲಿ ಕೂತು ನಗುತ್ತಿದ್ದಳು. ಅಕ್ಕ ನುಡಿಸುತ್ತಲೇ ಅವಳತ್ತ ಕಣ್ಣು ಬಿಡುತ್ತಿದ್ದಳು.

ಆಮೇಲೆ ಪ್ರಯಾಣಿಕರ ಹಡಗೊಂದರ ಬ್ಯಾಂಡಿಗೆ ಜನ ಬೇಕಾಯಿತು. ಹಾಲಿನವರಿಂದ ಆ ಬೇಸನ್ನು ಕೊಂಡುಕೊಂಡು ಅಕ್ಕ ಹೊರಟಳು. ಅಪ್ಪನಿಗೆ ಹಾಲ್ ಕೂಡ ಇಷ್ಟವಿರಲಿಲ್ಲ, ಇನ್ನು ಹಡಗು. ಮೊದಲ ಬಂದರಿನಿಂದ ಅವಳು ಮೂಲೆ ಅಂಗಡಿಗೆ ಫೋನ್ ಮಾಡಿದಾಗ ಅಪ್ಪನೇ ಹೋಗಿ ರಿಸೀವರ್ ಹಿಡಿದ. ‘ಹೋದವಳು ಹೋದ ಹಾಗೇ. ಇನ್ನು ಈ ಬಾಗಿಲು ಬಡೀಬೇಡ’ ಅಂದ. ಪಕ್ಕದಲ್ಲಿ ನಿಂತು ಕೈಚಾಚಿದ್ದ ತಂಗಿಗೆ ರಿಸೀವರ್ ಸಿಗಲೇ ಇಲ್ಲ. ಮತ್ತೆ ಫೋನ್ ಬರಲಿಲ್ಲ. ಅಪ್ಪ ಸಾಯುವ ಮುಂಚೆ ‘ಬಂದಳಾ?’ ಎಂದು ಕೇಳಿದ. ಯಾರು ಎಂದು ಅವನು ಹೇಳಲಿಲ್ಲ, ಇವಳೂ ಕೇಳಲಿಲ್ಲ.

ತಂಗಿ ಆಗ ರೇಡಿಯೋ ರಿಪೇರಿ ಅಂಗಡಿಯಲ್ಲಿ ಬೆಸುಗೆ ಹಾಕುವ ಕೆಲಸದಲ್ಲಿದ್ದಳು. ಅಕ್ಕ ಎಲ್ಲಿದ್ದಾಳೆಂದು ತಿಳಿಯದು. ಆದರೆ ವಸ್ತುಗಳು ಕೈಯಿಂದ ಕೈಗೆ ಹೋಗುತ್ತವೆ, ಮನುಷ್ಯರಿಗಿಂತ ಸುಲಭವಾಗಿ ಊರಿಗೆ ಮರಳುತ್ತವೆ ಎಂದು ಅವಳಿಗೆ ಅನ್ನಿಸಿತು. ಅಕ್ಕನ ಬೇಸ್ ಸಿಕ್ಕೀತೆಂದು, ಎಲ್ಲಿ ಹಳೆಯ ಬೇಸ್ ಮಾರಾಟಕ್ಕಿದೆ ಎಂದು ಕೇಳಿದರೂ ಹೋಗಿ ನೋಡತೊಡಗಿದಳು. ಸುಮ್ಮನೆ ನೋಡಲು ಯಾರು ಬಿಡುತ್ತಾರೆ? ಕೊಳ್ಳುವವಳಂತೆ ಹೋದಳು, ಕೆಲವು ಕೊಂಡೇಬಿಟ್ಟಳು. ಕೊಂಡದ್ದನ್ನು ಮಾರದಿದ್ದರೆ ಇನ್ನೊಂದು ಕೊಳ್ಳಲಾಗದು. ಹೀಗೆ ಹುಡುಕಾಟಕ್ಕೆ ಹೊಟ್ಟೆಪಾಡು ಅಂಟಿಕೊಂಡು, ನೋಡನೋಡುತ್ತ ಅದೇ ಕಸುಬಾಯಿತು. ‘ನಮ್ಮನೇಲಿ ಕೂರೋಕೆ ಒಂದು ಕುರ್ಚಿ ಇಲ್ಲ, ಇವುಗಳಿಗೆಲ್ಲ ಒಂದೊಂದು ಸ್ಟ್ಯಾಂಡ್ ಇದೆ’ ಎಂದು ಗಂಡ ಬಂದವರಿಗೆಲ್ಲ ಹೇಳುತ್ತಿದ್ದ. ಹೇಳುತ್ತಲೇ ಬಟ್ಟೆ ತೆಗೆದುಕೊಂಡು ಅವುಗಳ ಧೂಳು ಒರೆಸುತ್ತಿದ್ದ.

ಕಸುಬಿನಲ್ಲಿ ಅವಳ ಕಣ್ಣು ಹರಿತವಾಯಿತು. ಹಳೆಯ ಬಿಳಿ ಬಣ್ಣ ಬೆಣ್ಣೆಯ ಬಣ್ಣಕ್ಕೆ ತಿರುಗಿರಬೇಕು, ಆದರೆ ತಂತಿಗಳ ಕೆಳಗೆ ತಿರುಪು ಹಾಕಿ ಕೂರಿಸಿದ ಫಲಕದ ಅಡಿ ಬೆಳಕು ಕಾಣದ ಜಾಗದಲ್ಲಿ ಬಿಳಿಯಾಗೇ ಇರಬೇಕು. ಎರಡೂ ಕಡೆ ಒಂದೇ ಹಳದಿಯಾಗಿದ್ದರೆ ಯಾರೋ ಬಣ್ಣ ಬಳಿದು ಹಳತು ಮಾಡಿದ್ದಾರೆಂದು ಅರ್ಥ. ಮೆರುಗಿನ ಬಿರುಕು ಹೇಗೆ ಓಡಿದೆ, ತಿರುಪಿನ ತಲೆ ಸವೆದಿದೆಯೇ, ತಂತಿ ಒತ್ತುವ ಪಟ್ಟಿಗಳಲ್ಲಿ ಯಾವುದು ತಗ್ಗಿದೆ, ಎಲ್ಲ ನೋಡುತ್ತಿದ್ದಳು. ಕೊನೆಯ ತೀರ್ಪು ಮಾತ್ರ ಒಳಗಿನದು. ದನಿ ಏರಿಳಿಸುವ ಗುಂಡಿಯ ಕೆಳಗೆ ಒಂದು ಪುಟ್ಟ ತಗಡಿನ ಡಬ್ಬಿ ಇರುತ್ತದೆ. ಅದರ ಬೆನ್ನಿನ ಮೇಲೆ ತಯಾರಾದ ವರ್ಷವನ್ನು ಒತ್ತಿರುತ್ತಾರೆ. ಹೊರಗೆ ಏನು ಬೇಕಾದರೂ ಬಳಿಯಬಹುದು, ಆ ಅಂಕಿಗಳು ಸುಳ್ಳು ಹೇಳುವುದು ಅಪರೂಪ.

ಒಂದು ಮಧ್ಯಾಹ್ನ ಹಿರಿಯರೊಬ್ಬರು ದೊಡ್ಡ ಪೆಟ್ಟಿಗೆ ಹೊತ್ತುಕೊಂಡು ಬಂದರು. ಬಂದರಿನ ಊರಿನಲ್ಲಿ ಬೇಕರಿ ಇಟ್ಟುಕೊಂಡವರು. ಅಂಗಡಿ ಮುಚ್ಚಿ ಮಗಳ ಮನೆಗೆ ಹೋಗುತ್ತಿದ್ದೇನೆ, ಮನೆಯಾಕೆ ತೀರಿಕೊಂಡು ವರ್ಷವಾಯಿತು, ಇದನ್ನು ನುಡಿಸುವವರು ಯಾರೂ ಇಲ್ಲ ಎಂದರು. ಹಳೆಯದನ್ನು ಗುರುತು ಹಿಡಿಯುವವರು ಇಲ್ಲಿದ್ದಾರೆಂದು ಯಾರೋ ಹೇಳಿದ್ದರಂತೆ. ವಾರ ಬಿಟ್ಟು ಬರುತ್ತೇನೆಂದು ಹೇಳಿ, ರೈಲಿಗೆ ಹೊತ್ತಾಯಿತೆಂದು ಹೊರಟೇಬಿಟ್ಟರು.

ತಂಗಿ ಪೆಟ್ಟಿಗೆ ತೆರೆದಳು. ಬೆಣ್ಣೆಬಣ್ಣದ ಬೇಸ್. ಚಿಕ್ಕ ಕೊಂಬಿನಲ್ಲಿ ಇನ್ನೊಂದು ತಿರುಪು. ಸಾಮಾನ್ಯವಾಗಿ ಮುಂಗೈ ಉಜ್ಜಿ ಬಣ್ಣ ಹೋಗುವುದು ಮೇಲಂಚಿನಲ್ಲಿ. ಇದರಲ್ಲಿ ಹೋಗಿದ್ದದ್ದು ಕೆಳಗಂಚಿನಲ್ಲಿ, ಗುಂಡಿಗಳ ಪಕ್ಕದಲ್ಲಿ. ಗುಂಡಿಗಳ ಗೀರುಗಳೂ ಒಂದೇ ಕಡೆ ಸವೆದು ನುಣ್ಣಗಾಗಿದ್ದವು. ಯಾರೋ ಇದನ್ನು ವರ್ಷಾನುಗಟ್ಟಲೆ ತಲೆಕೆಳಗಾಗಿ ನುಡಿಸಿದ್ದರು. ಅಕ್ಕನ ಬೇಸೂ ಬಿಳಿಯದೇ, ಈ ಹೊತ್ತಿಗೆ ಇದೇ ಬಣ್ಣಕ್ಕೆ ತಿರುಗಿರಬೇಕು.

 ಅದನ್ನು ಎತ್ತಿ ಸ್ಟ್ಯಾಂಡಿನ ಮೇಲಿಟ್ಟು, ಎದುರಿಗೆ ಸ್ಟೂಲ್ ಎಳೆದುಕೊಂಡು ಕೂತಳು. ಗಂಡ ತಂದಿಟ್ಟ ಟೀ ಆರಿ ಕೆನೆಗಟ್ಟಿತು.

ಬೇರೆ ಯಾವ ಬೇಸ್ ಬಂದರೂ ಮೊದಲು ತಿರುಪುಳಿ ಹಿಡಿಯುವವಳು ಇದರ ಒಳಗನ್ನು ಮಾತ್ರ ಬಿಚ್ಚಲಿಲ್ಲ. ಹೋಗುತ್ತ ಬರುತ್ತ ಸವೆದ ಅಂಚಿನ ಮೇಲೆ ಕೈಯಿಡುತ್ತಿದ್ದಳು. ಅಡುಗೆಮನೆಯಲ್ಲಿ ತನ್ನಷ್ಟಕ್ಕೆ ತಾನೇ ಹಾಡು ಗುನುಗಿದಳು. ಅವಳು ಗುನುಗಿದ್ದನ್ನು ಗಂಡ ಕೇಳಿ ಬಹಳ ಕಾಲವಾಗಿತ್ತು. ಬೇಕರಿಯವರು ಮತ್ತೆ ಬರುವ ಹಿಂದಿನ ದಿನ ಅವನೇ ಬಾಯಿಬಿಟ್ಟ.

‘ಇದರ ಹೊಟ್ಟೆ ನೋಡಲ್ವಾ?’

‘ನೋಡ್ತೀನಿ.’

‘ಯಾವಾಗ?’

‘ರೀ, ನೋಡ್ತೀನಿ ಅಂದ್ನಲ್ಲ.’

ಮಧ್ಯಾಹ್ನ ಊಟವಾದ ಮೇಲೆ ಬಿಚ್ಚಿದಳು. ಗುಂಡಿಗಳಿದ್ದ ತಗಡನ್ನು ಮೆಲ್ಲಗೆ ಮಗುಚಿ, ಡಬ್ಬಿಯ ಬೆನ್ನಿನ ಧೂಳನ್ನು ಹತ್ತಿಯಿಂದ ಒರೆಸಿ, ಭೂತಗನ್ನಡಿ ಹಿಡಿದಳು. ಅಂಕಿಗಳು ಸ್ಪಷ್ಟವಾಗಿದ್ದವು. ಅಕ್ಕ ಹಡಗು ಹತ್ತಿದ ಎರಡು ವರ್ಷಗಳ ನಂತರ ತಯಾರಾದದ್ದು. ಇನ್ನೊಂದು ಗುಂಡಿಯ ಡಬ್ಬಿಯನ್ನೂ ನೋಡಿದಳು. ಅದೂ ಅದೇ ವರ್ಷದ್ದು.

ಗಂಡ ಹೆಗಲ ಮೇಲಿಂದ ಬಗ್ಗಿ ನೋಡಿ, ‘ಯಾರಾದ್ರೂ ಆಮೇಲೆ ಬದಲಾಯಿಸಿರಬಹುದು’ ಅಂದ.

‘ಬದಲಾಯಿಸಿಲ್ಲ. ಬೆಸುಗೆ ಮೊದಲಿಂದು. ಯಾರೂ ಮುಟ್ಟೇ ಇಲ್ಲ.’

ಅವನು ಅವಳ ಕೈಯಿಂದ ಭೂತಗನ್ನಡಿ ತೆಗೆದು ಪಕ್ಕಕ್ಕಿಟ್ಟ. ‘ಇದೊಂದು ವಿಷಯದಲ್ಲಿ ನೀನು ದಡ್ಡಿ ಆಗಿದ್ರೆ ಚೆನ್ನಾಗಿತ್ತು ಕಣೆ’ ಅಂದ.

ಅವಳು ತಿರುಪುಗಳನ್ನು ಒಂದೊಂದಾಗಿ ಮತ್ತೆ ಕೂರಿಸಿದಳು. ಕೊನೆಯದನ್ನು ಕೂರಿಸುವಾಗ ತಿರುಪುಳಿ ಜಾರಿತು. ತಗಡಿನ ಮೇಲೆ ಸಣ್ಣದೊಂದು ಗೀರು ಬಿತ್ತು. ಅಷ್ಟು ವರ್ಷಗಳಲ್ಲಿ ಅವಳ ಕೈಯಿಂದ ಯಾವ ಬೇಸಿಗೂ ಗೀರು ಬಿದ್ದಿರಲಿಲ್ಲ.

ಮಾರನೆಯ ದಿನ ಬೇಕರಿಯವರು ಬಂದು ಕೂತರು. ತಂಗಿ ಇದ್ದದ್ದನ್ನು ಇದ್ದಂತೆ ಹೇಳಿದಳು. ಅಸಲಿ, ಒಳಗಿನದೆಲ್ಲ ಮೊದಲಿನದೇ, ಗೀರು ಮಾತ್ರ ತನ್ನದು. ಅವರು ಗೀರಿನ ಕಡೆ ನೋಡಲೂ ಇಲ್ಲ.

‘ನಿಮ್ಮ ಮನೆಯವರು ಎಡಗೈಯವರಾ?’ ಎಂದು ಕೇಳಿದಳು. ಕೇಳುವ ಅಗತ್ಯವಿರಲಿಲ್ಲ, ಮಾತಿಗೆ ಮಾತು.

‘ಇಲ್ಲಮ್ಮ. ಊಟ ಬರಹ ಹಿಟ್ಟು ನಾದೋದು ಎಲ್ಲ ಬಲಗೈ. ಇದನ್ನ ಹಿಡಿದಾಗ ಮಾತ್ರ ಎಡ.’

ತಂಗಿ ತಲೆಯೆತ್ತಿದಳು. ಬಲಗೈಯವರು ಬಲಗೈಯ ಬೇಸನ್ನು ತಿರುಗಿಸಿ ಹಿಡಿಯುವುದುಂಟೇ? ಚಪ್ಪಲಿಯನ್ನು ಬೇಕೆಂದೇ ಅದಲುಬದಲಾಗಿ ಹಾಕಿಕೊಂಡಂತೆ.

‘ಯಾಕೆ ಹಾಗೆ?’

ಬೇಕರಿಯವರು ನಕ್ಕರು. ‘ಕಲಿಸಿದವರು ಹಾಗೆ ನುಡಿಸೋರು. ಅವರ ಪಕ್ಕ ನಿಂತು, ಅವರು ಮಾಡಿದ ಹಾಗೇ ಮಾಡಿ ಕಲಿತಳು. ಇದು ಉಲ್ಟಾ ಅಂತ ಗೊತ್ತಾಗೋ ಹೊತ್ತಿಗೆ ಕೈ ಕೂತುಬಿಟ್ಟಿತ್ತು. ಹಡಗಿನಿಂದ ಇಳಿದು ಬಂದಿದ್ದ ಒಬ್ಬ ಹೆಂಗಸು. ನಮ್ಮ ಬೇಕರಿ ಪಕ್ಕದ ಹಾಲಿನಲ್ಲಿ ನುಡಿಸೋರು. ಅವರದೇ ಬೇಸ್ ಒಂದಿತ್ತಂತೆ, ಬಿರುಗಾಳಿಗೆ ಸಿಕ್ಕಿ ಹಡಗಿನೊಳಗೆ ನೀರು ನುಗ್ಗಿದಾಗ ಹೋಯ್ತಂತೆ. ಇದನ್ನ ಹಾಲಿನ ಯಜಮಾನ ತರಿಸಿದ್ದು, ಆಮೇಲೆ ನಾವು ಕೊಂಡ್ವಿ. ಇಬ್ಬರೂ ಇದನ್ನೇ ನುಡಿಸ್ತಿದ್ದರು.’

ಗಂಡ ಒಳಬಾಗಿಲಲ್ಲಿ ಬಂದು ನಿಂತ. ತಂಗಿ ಬಹಳ ನಿಧಾನವಾಗಿ ಕೇಳಿದಳು. ‘ಅವರು ನುಡಿಸುವಾಗ ಮುಖ ಹೇಗಿಟ್ಟುಕೊಳ್ತಿದ್ರು?’

‘ಮುಖ? ನಾಲಿಗೆ ಹೊರಗೆ ಹಾಕ್ಕೊಂಡಿರೋರು, ಇಲ್ಲಿ, ಮೂಲೇಲಿ. ನನ್ನ ಹೆಂಡತಿಗೂ ಅದೇ ಅಭ್ಯಾಸ ಆಯ್ತು. ನಾನು ರೇಗಿಸ್ತಿದ್ದೆ.’ ಅವರು ತಂಗಿಯ ಮುಖವನ್ನು ಆಗ ಸರಿಯಾಗಿ ನೋಡಿದರು. ನಗು ನಿಂತಿತು. ‘ನನ್ನ ಹೆಂಡತೀನ ಅವರು ಹೆಸರು ಹಿಡಿದು ಕರೀತಿರಲಿಲ್ಲ. ತಂಗಿ ಅಂತಲೇ ಕರೆಯೋರು.’

ಸತ್ತುಹೋದ, ಎಂದೂ ಕಾಣದ ಆ ಹೆಂಗಸಿನ ಮೇಲೆ ತಂಗಿಗೆ ಆ ಗಳಿಗೆಯಲ್ಲಿ ಹೊಟ್ಟೆ ಉರಿಯಿತು. ತನ್ನದಾಗಿದ್ದ ಒಂದೇ ಒಂದು ಕೂಗನ್ನು ಅವಳು ದಿನಾ ಕೇಳಿದ್ದಳಲ್ಲ.

‘ಅವರು ನನ್ನ ಅಕ್ಕ’ ಅಂದಳು. ‘ಈಗ ಎಲ್ಲಿದ್ದಾರೆ?’

ಬೇಕರಿಯವರು ಮೊದಲಿನಿಂದ ಹೇಳಿದರು. ಅಕ್ಕನ ಬೆರಳುಗಳು ಬಿಗಿದುಕೊಂಡು ನುಡಿಸಲಾಗದೆ ಹೋದ ಮೇಲೆ ಅವಳು ಬೇಕರಿಯ ಮೇಲಿನ ಕೋಣೆಯಲ್ಲೇ ಇದ್ದಳು. ಬೆಳಗಿನ ಹೊತ್ತು ಗಲ್ಲಾದಲ್ಲಿ ಕೂರುತ್ತಿದ್ದಳು. ಆರು ವರ್ಷದ ಹಿಂದೆ, ಜ್ವರ ಎದೆಗಿಳಿದು, ಆಸ್ಪತ್ರೆಯಲ್ಲೇ ತೀರಿಹೋದಳು. ಬೇಕರಿಯವರ ಹೆಂಡತಿ ಪಕ್ಕದಲ್ಲಿದ್ದಳು.

‘ಒಂದು ಸಲ ಊರಿಗೆ ಹೋಗ್ತೀನಿ ಅಂತ ಹೊರಟಿದ್ರಮ್ಮ. ನಾನೇ ಸ್ಟೇಷನ್ನಿಗೆ ಬಿಟ್ಟು ಬಂದೆ. ಸಂಜೆ ನೋಡಿದ್ರೆ ಚೀಲ ಹಿಡ್ಕೊಂಡು ಬೇಕರಿ ಮುಂದೆ ನಿಂತಿದ್ದಾರೆ. ರೈಲು ಹತ್ತಲೇ ಇಲ್ಲವಂತೆ. ಬಾಗಿಲು ತೆಗೆದವರಿಗೆ ಏನಂತ ಹೇಳೋದು ಅಂತ ಗೊತ್ತಾಗಲಿಲ್ಲ ಅಂದ್ರು.’

‘ಬಾಗಿಲು ತೆಗೀತಿದ್ದಿದ್ದು ನಾನು’ ಅಂದಳು ತಂಗಿ. ‘ನಾನು ಏನೂ ಕೇಳ್ತಿರಲಿಲ್ಲ.’ ಮತ್ತೆ, ‘ಬೈತಿದ್ದೆ. ಬೈದು ಒಳಗೆ ಕರ್ಕೊಳ್ತಿದ್ದೆ’ ಅಂದಳು. ಆಗ ಅಳು ಬಂತು. ಗಂಡ ಬಂದು ಬೆನ್ನ ಮೇಲೆ ಕೈಯಿಟ್ಟ. ಬೇಕರಿಯವರು ಎದ್ದು ಹೋಗಲೂ ಆಗದೆ, ಕೂರಲೂ ಆಗದೆ, ಸ್ಟ್ಯಾಂಡುಗಳ ಮೇಲಿನ ಬೇಸ್‌ಗಳನ್ನು ನೋಡುತ್ತಿದ್ದರು.

ಆ ಬೇಸನ್ನು ತಂಗಿ ತನಗೇ ಇಟ್ಟುಕೊಳ್ಳುತ್ತಾಳೆಂದು ಎಲ್ಲರೂ ಅಂದುಕೊಂಡರು. ಬೇಕರಿಯವರು ಸುಮ್ಮನೆ ಕೊಡಲೂ ಸಿದ್ಧರಿದ್ದರು. ಅವಳು ಒಪ್ಪಲಿಲ್ಲ. ಅವಳಿಗೆ ನುಡಿಸಲು ಬಾರದು, ಎಂದೂ ಕಲಿಯಲಿಲ್ಲ. ‘ಇಬ್ಬರು ನುಡಿಸಿದ್ದನ್ನ ಗೋಡೆಗೆ ನೇತುಹಾಕೋಕೆ ನಾನು ಯಾರು?’ ಅಂದಳು. ಮದುವೆ ಸಮಾರಂಭಗಳಲ್ಲಿ ನುಡಿಸುವ ಒಬ್ಬ ಎಡಗೈಯ ಲಾರಿ ಮೆಕ್ಯಾನಿಕ್‌ಗೆ ಅದನ್ನು ಮಾರಿಸಿಕೊಟ್ಟಳು. ಎಷ್ಟೋ ವರ್ಷದಿಂದ ಕೈಗೆ ಒಗ್ಗುವ ಬೇಸ್ ಹುಡುಕುತ್ತಿದ್ದವನು, ಅಂಗಡಿಯಲ್ಲೇ ತಗುಲಿಹಾಕಿಕೊಂಡು ನುಡಿಸಿ ನೋಡಿದ. ಕಿಟಕಿಯ ಗಾಜು ಗುಂಯ್ ಎಂದಿತು. ತಂಗಿ ಒಳಗೆ ಹೋಗಿ ನೀರು ಕುಡಿದು ಬಂದಳು.

ಬೇಕರಿ ಮುಚ್ಚುವ ಮೊದಲು ತಂಗಿ ಮತ್ತು ಗಂಡ ಇಬ್ಬರೂ ಬಂದರಿನ ಊರಿಗೆ ಹೋದರು. ಬೆಳಿಗ್ಗೆ ರೈಲು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಊರು. ಅಷ್ಟೇ ದೂರ. ದಾರಿಯುದ್ದಕ್ಕೂ ತಂಗಿ ಕಿಟಕಿ ಕಡೆಯಿಂದ ಮುಖ ತಿರುಗಿಸಲಿಲ್ಲ. ‘ಇಷ್ಟು ಹತ್ತಿರ’ ಎಂದು ಒಂದು ಸಲ ಅಂದಳು.  

ಮೇಲಿನ ಕೋಣೆಗೆ ಕಿರಿದಾದ ಮರದ ಮೆಟ್ಟಿಲು. ಒಂದು ಮಂಚ, ಒಂದು ಕಪಾಟು, ಹಡಗುಗಳು ಕಾಣುವ ಕಿಟಕಿ. ಕೆಳಗಿನ ಒಲೆಯ ಬಿಸಿಗೆ ನೆಲ ಬೆಚ್ಚಗಿತ್ತು. ಕಪಾಟು ಖಾಲಿ. ಅಕ್ಕನ ಬಟ್ಟೆಬರೆಯನ್ನೆಲ್ಲ ಬೇಕರಿಯವರ ಹೆಂಡತಿ ಅಂದೇ ಯಾರಿಗೋ ಕೊಟ್ಟುಬಿಟ್ಟಿದ್ದಳು. ನೋಡಲು ಏನೂ ಇರಲಿಲ್ಲ. ತಂಗಿ ಮಂಚದ ಮೇಲೆ ಕೂತಳು, ಆಮೇಲೆ ಅಡ್ಡಾದಳು. ಇಳಿಹೊತ್ತಾಗುವವರೆಗೆ ಕೆಳಗೆ ಬರಲಿಲ್ಲ. ಗಂಡನೂ ಕರೆಯಲು ಹೋಗಲಿಲ್ಲ.

ಬಂದಾಗ ಅವಳ ಒಂದು ಕೆನ್ನೆಯ ಮೇಲೆ ದಿಂಬಿನ ಗೆರೆ ಮೂಡಿತ್ತು. ನಿದ್ದೆ ಬಂದುಬಿಟ್ಟಿತ್ತಂತೆ. ಗಲ್ಲಾದ ಹಿಂದಿನ ಎತ್ತರದ ಕುರ್ಚಿಯನ್ನು ನೋಡಿ, ಅದರಲ್ಲಿ ಕೂರದೆ, ಈಚೆ ಬೆಂಚಿನ ಮೇಲೆ ಕೂತಳು.

‘ಅವಳಿಗೆ ಇಲ್ಲಿ ಏನು ಇಷ್ಟ ಇತ್ತು, ತಿನ್ನೋಕೆ?’ ಎಂದು ಕೇಳಿದಳು.

‘ತಳ ಸೀದ ಬನ್ನು’ ಅಂದರು ಬೇಕರಿಯವರು. ‘ಮಾರೋಕಾಗಲ್ವಲ್ಲ, ಅದು ನನಗೇ ಇರಲಿ ಅನ್ನೋರು. ಕೆಲವು ದಿನ ನಾನೇ ಬೇಕು ಅಂತ ಒಂದೆರಡು ಸೀಯೋಕೆ ಬಿಡ್ತಿದ್ದೆ.’

‘ಇವತ್ತು ಇದೆಯಾ?’

‘ಇವತ್ತು ಚೆನ್ನಾಗಿ ಬೆಂದುಬಿಟ್ಟಿವೆಯಮ್ಮ. ಕೂತ್ಕೊಳ್ಳಿ, ಹಾಕ್ತೀನಿ.’

ಅವರು ಒಲೆಯ ಬಾಗಿಲು ತೆಗೆದು ತಟ್ಟೆ ಒಳಗಿಟ್ಟರು. ಕೊನೆಯ ರೈಲಿಗೆ ಇನ್ನೂ ಹೊತ್ತಿತ್ತು. ಮೂವರೂ ಒಲೆಯ ಕಡೆ ಮುಖ ಮಾಡಿ, ಸೀಯುವ ವಾಸನೆ ಬರಲೆಂದು ಕಾದು ಕೂತರು.